ಅತ್ತೆಯ ಮೂರು ವಾರದ ನೆಂಟ

ಅರವತ್ತೊಂದು ತುಂಬಿದ ವರ್ಷ ನನ್ನ ಅತ್ತೆಗೆ ಸ್ಕೂಟರ್ ಕಲಿಯಬೇಕು ಅನ್ನಿಸಿತು.

ಅತ್ತೆ ಸಾಗರ ಪೇಟೆಯಾಚೆ, ಹಿನ್ನೀರಿನ ಆ ದಡದ ತುಮರಿ ಕಡೆಯವರು. ಮಾವ ತೀರಿಕೊಂಡ ಮೇಲೆ ಅಲ್ಲಿಯದನ್ನೆಲ್ಲ ದೊಡ್ಡ ಮಗನಿಗೆ ಒಪ್ಪಿಸಿ, "ನಂಗೆ ಪ್ಯಾಟೆಯೇ ಸೇರ್ತು" ಎಂದು ತೀರ್ಥಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದವರು. ನನ್ನ ಗಂಡ ಅಲ್ಲಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೆಳಿಗ್ಗೆ ನಾವಿಬ್ಬರೂ ಹೊರಟರೆ ಅತ್ತೆ ಹಲಸಿನ ಹಪ್ಪಳ, ಬಾಳಕದ ಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ಅಂತ ಕೂರುತ್ತಿದ್ದರು. ಪೇಟೆಯ ನಾಲ್ಕು ಅಂಗಡಿಗಳಿಗೆ ಅವರ ಹಪ್ಪಳ ಹೋಗುತ್ತಿತ್ತು. ದೊಡ್ಡ ಚೀಲ ಹಿಡಿದು ಆಟೋಕ್ಕೆ ಕಾಯುವುದು ಅವರಿಗೆ ಬೇಜಾರಿನ ಕೆಲಸ. ಒಂದು ದಿನ ನಾನು ಸ್ಕೂಟರ್ ಒರೆಸುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತರು.

"ಕೂಸೆ, ಇದ್ನ ನಂಗೆ ಕಲ್ಸಿಕೊಡ್ತ್ಯ?"

ನಾನು ನಗಲಿಲ್ಲ. ಅತ್ತೆ ತಮಾಷೆಗೆ ಏನನ್ನೂ ಕೇಳುವವರಲ್ಲ. ಅವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಶಾಲೆಯ ಆಟದ ಮೈದಾನ ನಮ್ಮದಾಯಿತು. ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನನ್ನ ಹೆಲ್ಮೆಟ್ ಹಾಕಿ ಕೂತರೆ ಗೋಲ್ ಕಂಬದಿಂದ ಗೋಲ್ ಕಂಬಕ್ಕೆ ಹೋಗುವವರೆಗೆ ಉಸಿರು ಬಿಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಓಡುತ್ತಿದ್ದೆ. ಐದನೇ ವಾರಕ್ಕೆ ನಾನು ಓಡುವುದು ನಿಂತಿತು. ಆರನೇ ವಾರ ಮೈದಾನಕ್ಕೆ ಎರಡು ಸುತ್ತು ಹಾಕಿ ನನ್ನ ಮುಂದೆ ಬ್ರೇಕ್ ಹಿಡಿದು ನಿಲ್ಲಿಸಿ, "ಈಗ ಉಸಿರೂ ಬಿಡ್ಲಕ್ಕು" ಅಂದರು.

ಏಳನೇ ಭಾನುವಾರ ಬಿದ್ದರು. ಆಗಷ್ಟೇ ನಮ್ಮ ಶಾಲೆಯ ಪರೀಕ್ಷೆಗಳು ಮುಗಿದಿದ್ದವು. ಮೈದಾನದ ಗೇಟಿನ ಹತ್ತಿರ ತಿರುಗಿಸುವಾಗ ಒಂದು ನಾಯಿ ಅಡ್ಡ ಬಂತು. ಬ್ರೇಕ್ ಹಿಡಿಯುವ ಬದಲು ಕೈ ಗಾಬರಿಯಲ್ಲಿ ಆಕ್ಸಿಲರೇಟರ್ ತಿರುಗಿಸಿಬಿಟ್ಟಿತು. ಸ್ಕೂಟರ್ ಗೇಟಿನ ಕಲ್ಲುಕಟ್ಟೆಗೆ ಗುದ್ದಿತು. ಅತ್ತೆ ಎಡಮಗ್ಗುಲಾಗಿ ಕಟ್ಟೆಯ ಅಂಚಿನ ಮೇಲೆ ಬಿದ್ದರು.

ನಾನು ಓಡಿ ಹೋಗುವಷ್ಟರಲ್ಲಿ ಅವರೇ ಹೆಲ್ಮೆಟ್ ತೆಗೆಯುತ್ತಿದ್ದರು. "ಎಂತೂ ಆಯ್ದಿಲ್ಲೆ. ನಾಯಿಗೆ ತಾಗ್ಲಿಲ್ಲೆ ಅಲ್ದ?" ಎಂದರು. ಏಳಲು ಹೋದರು, ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಮುಖ ಬಿಳುಚಿ, ತುಟಿ ಕಚ್ಚಿಕೊಂಡು ಸುಮ್ಮನೆ ಮಲಗಿದರು.

ಪೇಟೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಾಡಿ ನೋಡಿದರು. ಸೊಂಟದ ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು. ಮೂಳೆಯಷ್ಟೇ ಆಗಿದ್ದರೆ ಹಾಸಿಗೆಯಲ್ಲಿ ಮಲಗಿ ಕೂಡಿಸಿಕೊಳ್ಳಬಹುದಿತ್ತು. ಆದರೆ ಅತ್ತೆ ಎರಡು ವರ್ಷದಿಂದ ಹೃದಯದ ಬಡಿತ ತಪ್ಪುವ ತೊಂದರೆಗೆ ರಕ್ತ ತೆಳ್ಳಗೆ ಮಾಡುವ ಮಾತ್ರೆ ನುಂಗುತ್ತಿದ್ದರು. ಹೊರಗೆ ಒಂದು ತರಚು ಗಾಯವೂ ಇಲ್ಲ, ಒಳಗೆ ರಕ್ತ ಸೋರುತ್ತಿದೆ. ಅರ್ಧ ಗಂಟೆಯಲ್ಲಿ ಬಿಪಿ ಎರಡು ಸಲ ಇಳಿಯಿತು. ಅಲ್ಲಿನ ಡಾಕ್ಟರು ಬೆಡ್‌ಶೀಟೊಂದನ್ನು ಅಗಲ ಪಟ್ಟಿಯಂತೆ ಮಡಚಿ ಅತ್ತೆಯ ಸೊಂಟದ ಸುತ್ತ ಬಿಗಿಯಾಗಿ ಕಟ್ಟಿಸಿದರು. ಸಲೈನ್ ಹಾಕಿಸಿ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. ಆಮೇಲೆ ನಮ್ಮನ್ನು ಕರೆದು ಹೇಳಿದರು.

"ಹೊಟ್ಟೆ ಕೊಯ್ದು ಹುಡುಕೋಕೆ ಹೋದ್ರೆ ಈ ರಕ್ತ ನಿಲ್ಲಿಸೋದು ಕಷ್ಟ. ಅಲ್ಲಿ ರಕ್ತನಾಳದ ಒಳಗಿನಿಂದಲೇ ಹೋಗಿ ನಿಲ್ಲಿಸೋ ಡಾಕ್ಟ್ರಿದಾರೆ. ತಡ ಮಾಡಬೇಡಿ, ಹೊರಡಿ."

ಆಂಬ್ಯುಲೆನ್ಸಿನಲ್ಲಿ ಅತ್ತೆಯ ಪಕ್ಕ ನಾನು ಕೂತೆ. ಗಂಡ ಮುಂದೆ ಡ್ರೈವರ್ ಪಕ್ಕ. ಹೊಸನಗರದ ನನ್ನ ತಮ್ಮನಿಗೆ ಫೋನ್ ಮಾಡಿ, ರಕ್ತ ಬೇಕಾಗಬಹುದು ಅಂದೆ. "ಹುಲಿಕಲ್ ಘಾಟಿ ಇಳ್ದು ನಿಮ್ಗಿಂತ ಮೊದ್ಲೇ ಇರ್ತೀನಿ ಅಕ್ಕ" ಎಂದ. ಆಗುಂಬೆಯ ತಿರುವುಗಳಲ್ಲಿ ಅತ್ತೆಯ ಕೈ ಹಿಡಿದುಕೊಂಡಿದ್ದೆ. ತಣ್ಣಗಿತ್ತು. ಕಲಿಸಿದವಳು ನಾನು, ಗೇಟಿನ ಹತ್ತಿರ ತಿರುಗಿಸಿ ಅಂದವಳೂ ನಾನು ಎಂಬುದು ಪ್ರತಿ ತಿರುವಿನಲ್ಲೂ ಎದೆಗೆ ಬಂದು ಕೂರುತ್ತಿತ್ತು. ಅತ್ತೆ ಕಣ್ಣು ತೆರೆದು, "ಹಿಂಗ್ ಅಳ್ತಾ ಕೂತ್ರೆ ನಂಗೆ ಹೆದ್ರಿಕೆ ಆಗ್ತು. ಎಂತಾದ್ರೂ ಮಾತಾಡು" ಎಂದರು. ನನಗೆ ಬೇರೇನೂ ತೋಚದೆ, ಒಂಬತ್ತನೇ ತರಗತಿಯ ಪತ್ರಿಕೆಗಳಲ್ಲಿ ಮಕ್ಕಳು ಬರೆದ ತಪ್ಪು ಉತ್ತರಗಳನ್ನು ಒಂದೊಂದಾಗಿ ಹೇಳಿದೆ. ಹೃದಯ ಇರುವುದು ಹೊಟ್ಟೆಯಲ್ಲಿ ಎಂದು ಬರೆದವನ ಕಥೆಗೆ ಅವರ ತುಟಿಯಂಚು ಸ್ವಲ್ಪ ಅರಳಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಅತ್ತೆಯ ಮನೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಬ್ಬದ ದಿನ ದೂರ ಇಡುವ ಮನೆ. ನನ್ನ ತವರು ಹೊಸನಗರದ ಹತ್ತಿರದ ಗದ್ದೆ ಮನೆ. ಅಜ್ಜನ ಕಾಲದಲ್ಲಿ ಗೇಣಿ ಮಾಡುತ್ತಿದ್ದವರು, ಆಮೇಲೆ ಸ್ವಂತ ಭೂಮಿಯವರಾದವರು. ನಮ್ಮಲ್ಲಿ ಮೀನು, ಕೋಳಿ ಮಾಡುತ್ತಾರೆ. ನಮ್ಮ ಮದುವೆಗೆ ಅತ್ತೆ ಅಡ್ಡ ಬರಲಿಲ್ಲ. ನನ್ನನ್ನು ಮಗಳ ಹಾಗೆಯೇ ನೋಡಿಕೊಂಡರು. ಆದರೆ ಎಂಟು ವರ್ಷಗಳಲ್ಲಿ ಹಲವು ಸಲ ನನ್ನ ತವರಿಗೆ ಬಂದಿದ್ದರೂ ಅಲ್ಲಿ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ಫ್ಲಾಸ್ಕಿನಲ್ಲಿ ಕಷಾಯ ತರುತ್ತಿದ್ದರು. ನನ್ನ ಅಮ್ಮ ಅದನ್ನು ನೋಡಿಯೂ ನೋಡದವರಂತೆ, ಹೊರಡುವಾಗ ಒಂದು ತೆಂಗಿನಕಾಯಿ, ಬಾಳೆಹಣ್ಣು, ಹೂವು ಕೊಟ್ಟು ಕಳಿಸುತ್ತಿದ್ದಳು. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ.

ಆಸ್ಪತ್ರೆ ತಲುಪುವಾಗ ಮಧ್ಯಾಹ್ನ. ಸಿಟಿ ಸ್ಕ್ಯಾನ್ ಮುಗಿಸಿ, ರಕ್ತದ ಬಾಟಲಿ ಏರಿಸಿದ ಮೇಲೆ ರಕ್ತನಾಳದ ಆ ಡಾಕ್ಟರು ಬಂದರು. ನಲವತ್ತರ ಒಳಗಿನ, ಕನ್ನಡಕದ, ಸಣ್ಣ ದನಿಯ ಮನುಷ್ಯ. ನಮ್ಮ ಜೊತೆ ಮಾತಾಡದೆ ಮೊದಲು ಅತ್ತೆಯ ಹತ್ತಿರವೇ ಬಾಗಿ ಮಾತಾಡಿದ್ದು ನನಗೆ ಹಿಡಿಸಿತು.

"ಅಮ್ಮ, ತೊಡೆಸಂದಿ ಹತ್ರ ಸಣ್ಣ ತೂತು ಮಾಡಿ ಒಂದು ತೆಳು ಕೊಳವೆ ಒಳಗೆ ಬಿಡ್ತೇನೆ. ಟಿವಿಯಲ್ಲಿ ನೋಡ್ಕೊಂಡು ಸೋರ್ತಾ ಇರೋ ನಾಳಕ್ಕೆ ಹೋಗಿ ಅಲ್ಲಿ ಸ್ಪಂಜಿನ ಚೂರು ತುಂಬ್ತೇನೆ. ರಕ್ತ ನಿಲ್ತದೆ. ನಿಮಗೆ ಎಚ್ಚರ ಇರ್ತದೆ, ನೋವು ಹೆಚ್ಚು ಗೊತ್ತಾಗುದಿಲ್ಲ."

"ಸ್ಪಂಜು ಅಂದ್ರೆ? ಪಾತ್ರೆ ತಿಕ್ಕದಾ?"

"ಅದಲ್ಲ, ಇದು ಜೆಲಟಿನ್ ಸ್ಪಂಜು."

ಜೆಲಟಿನ್ ಎಂಬ ಮಾತು ಕೇಳಿದ ಕೂಡಲೇ ನಾನು ನೆಲ ನೋಡಿದೆ. ಅದು ಎಲ್ಲಿಂದ ಬರುತ್ತದೆ ಎಂದು ವಿಜ್ಞಾನದ ಟೀಚರಿಗೆ ಗೊತ್ತಿರುತ್ತದೆ. ಆದರೆ ಎಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರಿಗೆ ನನ್ನ ಮುಖವೂ ಗೊತ್ತಿರುತ್ತದೆ.

"ಎಂತೆ ಕೂಸೆ? ಹೇಳು."

ನನ್ನ ಗಂಡ ಬೇಡ ಎಂಬಂತೆ ಕಣ್ಣಿನಲ್ಲೇ ಹೇಳಿದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಅತ್ತೆ, ಅದು ಪ್ರಾಣಿದು" ಎಂದೆ.

"ಯಾವ ಪ್ರಾಣಿ?"

ಡಾಕ್ಟರು ಒಂದು ಕ್ಷಣವೂ ತಡೆಯಲಿಲ್ಲ. "ಹಂದಿ ಚರ್ಮದಿಂದ ಮಾಡುದು ಅಮ್ಮ. ಪೂರ್ತಿ ಶುದ್ಧ ಮಾಡಿರ್ತಾರೆ. ಆದ್ರೆ ಮೂಲ ಅದೇ. ನೀವು ಕೇಳಿದಿರಿ, ನಾನು ಹೇಳ್ಬೇಕು."

ಅತ್ತೆ ಛಾವಣಿ ನೋಡುತ್ತಿದ್ದರು.

"ಬೇರೆ ಎಂತದೂ ಇಲ್ಯ?"

"ಲೋಹದ ಸಣ್ಣ ಸುರುಳಿ ಇದೆ. ಅದು ಹಾಕಿದ್ರೆ ಒಳಗೇ ಶಾಶ್ವತ. ನಿಮಗೆ ಒಂದೇ ಕಡೆ ಅಲ್ಲ, ಸಣ್ಣ ಸಣ್ಣ ಕವಲುಗಳಿಂದ ಸೋರ್ತಾ ಉಂಟು. ಗಾಯ ಮಾಯುವ ತನಕ ಮುಚ್ಚಿದ್ರೆ ಸಾಕು, ಆಮೇಲೆ ಅಲ್ಲಿಗೆ ರಕ್ತ ಮತ್ತೆ ಹೋಗ್ಬೇಕು. ಅದಕ್ಕೆ ಈ ಸ್ಪಂಜೇ ಒಳ್ಳೇದು. ತನ್ನಷ್ಟಕ್ಕೆ ಕರಗ್ತದೆ."

"ಎಷ್ಟು ದಿನ ಇರ್ತು?"

"ಮೂರು ವಾರ. ಕೆಲವರಿಗೆ ಸ್ವಲ್ಪ ಆಚೆ ಈಚೆ."

ಅತ್ತೆ ನನ್ನ ಕಡೆ ತಿರುಗಿದರು. "ನಿನ್ನ ತಮ್ಮ ಬಂದಿದ್ನ?"

"ಬಂದಿದಾನೆ ಅತ್ತೆ. ಇಬ್ರು ಸ್ನೇಹಿತರನ್ನೂ ಕರ್ಕೊಂಡು ಬಂದಿದಾನೆ. ಕೆಳಗೆ ರಕ್ತ ಕೊಡ್ತಾ ಇದಾರೆ."

ಅತ್ತೆ ಡಾಕ್ಟರ ಕಡೆ ತಿರುಗಿ ಹೇಳಿದರು: "ಹಾಕಿ. ಮೂರು ವಾರ ಇದ್ದು ಹೋಪದು ಅಂದ್ರೆ ನೆಂಟನೇ ಅಲ್ದ. ನೆಂಟರ ಜಾತಿ ಕೇಳ್ತಾ ಕೂತ್ರೆ ನಾನು ಇಲ್ಲೇ ಮುಗಿತಿ."

ಡಾಕ್ಟರು ನಕ್ಕುಬಿಟ್ಟರು. ನನ್ನ ಗಂಡ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಅತ್ತೆ ಒಳಗಿದ್ದದ್ದು ಮುಕ್ಕಾಲು ಗಂಟೆಯೋ ಏನೋ. ನನಗೆ ಮಾತ್ರ ಒಂದು ದಿನ ಕಳೆದ ಹಾಗಿತ್ತು. ನನ್ನ ತಮ್ಮ ತೋಳಿಗೆ ಹತ್ತಿ ಒತ್ತಿ ಹಿಡಿದು ನನ್ನ ಪಕ್ಕ ಕೂತು, ಬಾಟಲಿ ಜ್ಯೂಸ್ ಕುಡಿಯುತ್ತಾ ಏನೇನೋ ಹೇಳುತ್ತಿದ್ದ. ಒಂದೂ ತಲೆಗೆ ಹೋಗಲಿಲ್ಲ. ಬಾಗಿಲು ತೆರೆದು ಡಾಕ್ಟರು ನನ್ನನ್ನು ಕರೆದರು. "ನೀವು ಟೀಚರ್ ಅಂತಲ್ಲ, ಬನ್ನಿ, ನೋಡಿ" ಎಂದು ಕಂಪ್ಯೂಟರ್ ಪರದೆಯಲ್ಲಿ ಎರಡು ಚಿತ್ರ ತೋರಿಸಿದರು. ಮೊದಲನೆಯದರಲ್ಲಿ ಕವಲೊಡೆದ ನಾಳಗಳ ತುದಿಯಲ್ಲಿ ಎರಡು ಮೂರು ಕಡೆ ಮಸಿ ಚೆಲ್ಲಿದಂತೆ ಕಪ್ಪು ಹರಡಿತ್ತು. ಎರಡನೆಯದರಲ್ಲಿ ದೊಡ್ಡ ನಾಳ ಹಾಗೇ ಇತ್ತು, ಸೋರುತ್ತಿದ್ದ ಕವಲುಗಳು ಕಾಣುತ್ತಿರಲಿಲ್ಲ. ಮಸಿಯ ಕಲೆ ಎಲ್ಲೂ ಇರಲಿಲ್ಲ. ಹದಿನೈದು ವರ್ಷ ಕಪ್ಪು ಹಲಗೆಯ ಮೇಲೆ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ರಕ್ತನಾಳ ಬರೆದಿದ್ದೇನೆ. ಅಷ್ಟು ಚಂದದ ಚಿತ್ರ ಬೇರೆ ನೋಡಿಲ್ಲ.

ಸಂಜೆಯ ಹೊತ್ತಿಗೆ ಅತ್ತೆಯ ಬಿಪಿ ಏರಿ ನಿಂತಿತು. ಕೆನ್ನೆಗೆ ಬಣ್ಣ ಬಂತು. ಬಾಯಿಗೂ ಮಾತು ಬಂತು. "ಅವ ಎಂತ ಮಾಡ್ದ ಗೊತ್ತಿದ್ದ? ಬೆಳ್ಳಗೆ ಒಣ ರೊಟ್ಟಿ ಚೂರಿನಾಂಗೆ ಒಂದು. ಅದ್ನ ಕತ್ತರಿಲಿ ಚಣ್ಣ ಚಣ್ಣಕೆ ಕೊಚ್ಚಿ, ಎರಡು ಸಿರಿಂಜಲ್ಲಿ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ತಳ್ಳಿ ತಳ್ಳಿ ಹಿಟ್ಟು ಹದ ಮಾಡ್ದ. ಹಪ್ಪಳದ ಹಿಟ್ಟಿಗೂ ಅಷ್ಟು ತಾಳ್ಮೆ ಇಲ್ಲೆ ನಂಗೆ." ಇದನ್ನು ಅವರು ನರ್ಸುಗಳಿಗೂ, ಪಕ್ಕದ ಹಾಸಿಗೆಯವರಿಗೂ, ಫೋನಿನಲ್ಲಿ ತುಮರಿಯ ದೊಡ್ಡ ಮಗನಿಗೂ ಹೇಳಿದರು. ಹಂದಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಆ ಕಡೆಯಿಂದ ದೊಡ್ಡ ಮಗ ಏನು ಹೇಳಿದರೋ, "ನಿನ್ನ ಅಬ್ಬೆ ಬೇಕ, ಮಡಿ ಬೇಕ? ಒಂದು ಹೇಳು" ಎಂದು ಫೋನ್ ಇಟ್ಟರು.

ಒಂಬತ್ತು ದಿನಕ್ಕೆ ಬಿಟ್ಟು ಕಳಿಸುವಾಗ ಹೊಸ ತೊಂದರೆ ಎದುರಾಯಿತು. ಅತ್ತೆ ನಾಲ್ಕು ವಾರ ಮೆಟ್ಟಿಲು ಹತ್ತುವಂತಿಲ್ಲ, ಆಮೇಲೆ ವಾಕರ್ ಹಿಡಿದು ನಿಧಾನಕ್ಕೆ ನಡೆಯಬೇಕು. ನಮ್ಮ ಬಾಡಿಗೆ ಮನೆ ಇರುವುದು ಮಹಡಿಯ ಮೇಲೆ. ತುಮರಿಗೆ ಕರೆದೊಯ್ದರೆ, ಸೇತುವೆ ಇನ್ನೂ ಆಗಿರದಿದ್ದ ಕಾಲ, ಏನಾದರೂ ಹೆಚ್ಚುಕಡಿಮೆಯಾದರೆ ಲಾಂಚಿಗೆ ಕಾಯಬೇಕು. ನೆಲಮಟ್ಟದ, ಕುರ್ಚಿಯ ಹಾಗೆ ಕೂರುವ ಕಮೋಡ್ ಇರುವ ಮನೆ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ: ಹೊಸನಗರದ ನನ್ನ ತವರು. ಅಜ್ಜಿಗೆ ಮಂಡಿನೋವಾದಾಗ ಮಾಡಿಸಿದ್ದು.

ಹೇಗೆ ಕೇಳುವುದು ಎಂದು ನಾನು ಹಿಂದೆ ಮುಂದೆ ನೋಡುತ್ತಿದ್ದೆ. ಅತ್ತೆಯೇ ಕೇಳಿದರು. "ನಿನ್ನ ಅಮ್ಮಂಗೆ ಹೊರೆ ಆಗ್ತಾ?"

ಅಮ್ಮ ಎರಡು ದಿನದಲ್ಲಿ ಮನೆಯನ್ನೇ ಬದಲಾಯಿಸಿಬಿಟ್ಟಿದ್ದಳು. ಮುಂದಿನ ಕೋಣೆಗೆ ಹೊಸ ಹಾಸಿಗೆ, ಬೇರೆ ಗ್ಯಾಸ್ ಒಲೆ, ಅಂಟಿಸಿದ ಚೀಟಿಯನ್ನೂ ಕೀಳದ ಹೊಸ ಸ್ಟೀಲ್ ಪಾತ್ರೆಗಳು. ಫ್ರಿಜ್ಜಿನೊಳಗಿನ ಮೀನನ್ನು ಪಕ್ಕದ ಮನೆಗೆ ಕೊಟ್ಟಾಗಿತ್ತು. ಅತ್ತೆಯನ್ನು ಕಾರಿನಿಂದ ಇಳಿಸುವಾಗ ದೂರದಲ್ಲೇ ನಿಂತು, "ಬಂದ್ರಾ ಅಮ್ಮಾರೆ, ದಾರಿಲಿ ತ್ರಾಸಾಯ್ತಾ" ಎಂದು ಕೇಳಿದಳು.

ಮೊದಲ ನಾಲ್ಕು ದಿನ ಆ ಬೇರೆ ಒಲೆಯಲ್ಲಿ ನಾನೇ ಅಡುಗೆ ಮಾಡಿ ಅತ್ತೆಗೆ ಬಡಿಸಿದೆ. ಐದನೇ ದಿನ ಬೆಳಿಗ್ಗೆ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಕೋಣೆಯಲ್ಲಿ ಇಬ್ಬರ ಮಾತು ಕೇಳಿಸಿತು. ಬಾಗಿಲ ಹತ್ತಿರ ನಿಂತೆ.

"ನಾ ಬಂದಮೇಲೆ ನಿಮ್ಮನೇಲಿ ಮೀನಿನ ವಾಸನೆಯೇ ಇಲ್ಲೆ" ಎನ್ನುತ್ತಿದ್ದರು ಅತ್ತೆ.

"ಎಂತಕ್ಕೆ ಅಮ್ಮಾರೆ, ಒಂದೆರಡು ತಿಂಗ್ಳು ತಿನ್ನದೆ ಇದ್ರೆ ಎಂತ ಆಗ್ತದೆ. ನಿಮ್ಗೆ ವಾಕರಿಕೆ ಬರ್ಬಾರ್ದು."

"ನಿಮ್ಮ ಮಗ ನಂಗೆ ರಕ್ತ ಕೊಟ್ಟ. ನನ್ನೊಳಗೇ ಹಂದಿ ಕೂತಿದ್ದು. ಇನ್ನು ನಿಮ್ಮ ಮೀನು ನಂಗೆ ಎಂತ ಮಾಡ್ತು? ನೀವು ಮಾಡ್ಕ್ಯಳಿ. ನಾನು ತಿಂತ್ನಿಲ್ಲೆ, ಅಷ್ಟೇಯ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಈಗ ಒಲೆ ಮೇಲೆ ಎಂತ ಇದ್ದು? ಪರಿಮಳ ಬತ್ತಾ ಇದ್ದು."

"ಕಡುಬು. ಅಕ್ಕಿ ಕಡುಬು. ಕಾಯಿ ಚಟ್ನಿ."

"ಎರಡು ತನ್ನಿ. ಮತ್ತೆ ಈ ಅಮ್ಮಾರೆ ಎಲ್ಲ ಬ್ಯಾಡ. ನಾನು ನಿಮ್ಗಿಂತ ದೊಡ್ಡೋಳು, ಅಕ್ಕ ಹೇಳಿ."

ಅಮ್ಮ ಅಡುಗೆಮನೆಗೆ ಬಂದವಳು ಪಾತ್ರೆಯ ಮುಚ್ಚಳ ತೆಗೆದು ಹಾಗೇ ನಿಂತಳು. ಆವಿ ಮುಖಕ್ಕೆ ಹೊಡೆಯುತ್ತಿತ್ತು. ಯಾವ ತಟ್ಟೆಯಲ್ಲಿ ಹಾಕಲಿ ಎಂದು ನನ್ನನ್ನು ಕೇಳಿದಳು. "ನಮ್ಮ ತಟ್ಟೇಲೇ ಹಾಕಮ್ಮ" ಎಂದೆ. ಅತ್ತೆ ಎರಡು ಕಡುಬು ತಿಂದು, ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಚಟ್ನಿಗೆ ಉಪ್ಪು ಒಂಚೂರು ಕಡಿಮೆ ಎಂದೂ ಹೇಳಿದರು. ಅಮ್ಮ ಅದನ್ನು ಮೂರು ದಿನ ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

ತಮ್ಮನ ಮಗಳು ಆಗ ಎರಡನೇ ತರಗತಿ. ದೊಡ್ಡವರ ಮಾತು ಕೇಳಿ ಅವಳಿಗೆ ಒಂದೇ ವಿಷಯ ಅರ್ಥವಾಗಿತ್ತು: ಈ ಅಜ್ಜಿಯ ಒಳಗೆ ಒಂದು ಹಂದಿ ಇದೆ, ಅದು ದಿನಾ ಕರಗುತ್ತಿದೆ. ಡ್ರಾಯಿಂಗ್ ಹಾಳೆಯಲ್ಲಿ ಇಪ್ಪತ್ತೊಂದು ಚೌಕದ ಮನೆ ಎಳೆದು ಗೋಡೆಗೆ ಅಂಟಿಸಿ, ದಿನಕ್ಕೊಂದು ಹಂದಿ ಬರೆಯತೊಡಗಿದಳು. ಆಸ್ಪತ್ರೆಯಲ್ಲಿ ಕಳೆದ ದಿನಗಳ ಹಂದಿಗಳನ್ನು ಒಂದೇ ಸಲಕ್ಕೆ ಬರೆದು ಮುಗಿಸಿದಳು. ಅವು ದಪ್ಪಗೆ, ನಗುನಗುತ್ತಾ ಇದ್ದವು. ಆಮೇಲಿನವು ಬರಬರುತ್ತಾ ಸಣ್ಣವಾದವು. ಕೊನೆಯ ಮನೆಯಲ್ಲಿ ಸುರುಳಿ ಬಾಲ ಮಾತ್ರ ಉಳಿದಿತ್ತು. ಅತ್ತೆ ಬೆಳಿಗ್ಗೆ ಕಷಾಯ ಕುಡಿಯುತ್ತಾ, "ಇವತ್ತಿಂದು ಎಷ್ಟು ದೊಡ್ಡದೇ?" ಎಂದು ಕೇಳುವರು. ಅವಳು ಬೆರಳಲ್ಲಿ ತೋರಿಸುವಳು. ಇಪ್ಪತ್ತೊಂದನೇ ದಿನ ಮಗು ಗಂಭೀರವಾಗಿ ಕೇಳಿತು: "ಅಜ್ಜಿ, ಹೋಗೇಬಿಡ್ತಲ್ಲ, ನಿಮ್ಗೆ ಬೇಜಾರಾ?" ಅತ್ತೆ ಯೋಚಿಸಿ, "ಒಂಚೂರು" ಎಂದರು.

ಆ ದಿನಗಳಲ್ಲೇ ನನ್ನ ಗಂಡ ಸ್ಕೂಟರ್ ಮಾರಿಬಿಡುವ ಮಾತೆತ್ತಿದ್ದು. ಅತ್ತೆ ಮಲಗಿದಲ್ಲಿಂದಲೇ, "ಮಾಣಿ, ಸೈಕಲ್ ಕಲಿವಾಗ ನೀನು ಎಷ್ಟು ಸಲ ಬಿದ್ದಿದ್ದೆ? ನಾನು ಸೈಕಲ್ ಮಾರಿದ್ನ?" ಎಂದು ಕೇಳಿ ಬಾಯಿ ಮುಚ್ಚಿಸಿದರು. ನನ್ನ ಕಡೆ ನೋಡಿ, "ತಪ್ಪು ನಿಂದಲ್ಲ, ನಾಯಿದೂ ಅಲ್ಲ. ನನ್ನ ಬಲಗೈದು" ಎಂದರು. ಆಗುಂಬೆಯ ತಿರುವಿನಿಂದ ಎದೆಯಲ್ಲೇ ಕೂತಿದ್ದದ್ದು ಅವತ್ತು ಎದ್ದು ಹೋಯಿತು.

ಆರು ವಾರಕ್ಕೆ ಮತ್ತೆ ಘಟ್ಟ ಇಳಿದೆವು. ಈ ಸಲ ಅಮ್ಮನೂ ಬಂದಳು. ಡಾಕ್ಟರು ಸ್ಕ್ಯಾನ್ ಮಾಡಿ, ಮುಚ್ಚಿದ ನಾಳದಲ್ಲಿ ರಕ್ತ ಮೊದಲಿನಂತೆ ಹರಿಯುತ್ತಿದೆ, ಮೂಳೆಯೂ ಕೂಡುತ್ತಿದೆ ಎಂದರು. "ನಿಮ್ಮ ನೆಂಟ ಹೋದ ಅಮ್ಮ" ಎಂದು ನಕ್ಕರು. ಅತ್ತೆ ಅವರಿಗೆಂದು ತಂದಿದ್ದ ಅಪ್ಪೆಮಿಡಿ ಭರಣಿ ಕೊಟ್ಟು, "ಇದ್ರಲ್ಲಿ ಎಂತ ಹಾಕಿದ್ದಿ ಹೇಳಿ ನೀವೂ ಕೇಳ್ಲಕ್ಕು. ಮೆಣಸು, ಸಾಸಿವೆ, ಉಪ್ಪು" ಎಂದರು. ವಾಕರ್ ಇನ್ನೂ ಎರಡು ವಾರ ಬಿಡಬೇಡಿ ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು.

ತೀರ್ಥಹಳ್ಳಿಗೆ ಹೊರಡುವ ಮಾತನ್ನು ಅತ್ತೆ ಎತ್ತಲೇ ಇಲ್ಲ. ಹಲಸಿನಕಾಯಿ ಬಲಿತಿದ್ದವು. ಅತ್ತೆ ಜಗುಲಿಯ ಕುರ್ಚಿಯಲ್ಲಿ ಕೂತು ಹೇಳುವುದು, ಅಮ್ಮ ತೊಳೆ ಬೇಯಿಸಿ ಕುಟ್ಟುವುದು. ಹಿಟ್ಟಿನ ಹದಕ್ಕೆ ಇಬ್ಬರೂ ಜಗಳ. ಅಮ್ಮನಿಗೆ ಜೀರಿಗೆ ಹೆಚ್ಚು ಬೇಕು, ಅತ್ತೆಗೆ ಮೆಣಸು. ಕಡೆಗೆ ಎರಡು ಬಗೆ ಮಾಡಿದರು.

ಮೇ ತಿಂಗಳ ಕೊನೆ. ಅಂಗಳದ ತುಂಬ ಚಾಪೆ ಹಾಸಿ ಹಪ್ಪಳ ಒಣಹಾಕಿತ್ತು. ಮೂರು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಕಪ್ಪಾಯಿತು, ಗಾಳಿ ಎದ್ದಿತು, ದಪ್ಪ ದಪ್ಪ ಹನಿ ಬಿತ್ತು. ಎಲ್ಲರೂ ಅಂಗಳಕ್ಕೆ ಓಡಿದೆವು. ತಮ್ಮ ಒಂದು ಚಾಪೆಯನ್ನು ಹಪ್ಪಳದ ಸಮೇತ ಸುತ್ತಿ ಎತ್ತಿದ. ಅಮ್ಮ ಸೆರಗಿನೊಳಗೆ ತುಂಬಿಕೊಂಡಳು. ಮಗು ನಾಲ್ಕು ನಾಲ್ಕೇ ಎತ್ತಿಕೊಂಡು ಒಳಗೂ ಹೊರಗೂ ಓಡಾಡಿತು. "ಜೀರಿಗೇದು ಮೊದ್ಲು!" ಎಂದು ಅಮ್ಮ, "ಮೆಣಸಿಂದು ಅಲ್ಲೇ ಬಿಟ್ರಲೇ!" ಎಂದು ಇನ್ನೊಂದು ದನಿ. ಗೇಟಿನ ಹತ್ತಿರದ ಕೊನೆಯ ಚಾಪೆಯ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ಯಾರೋ ಹಿಡಿದು ಎತ್ತಿದರು. ಇಬ್ಬರೂ ಸೇರಿ ಜಗುಲಿಗೆ ತಂದು ಇಳಿಸಿದೆವು.

ತಲೆ ಎತ್ತಿ ನೋಡಿದರೆ ಎದುರಿಗೆ ಅತ್ತೆ. ಕೂದಲಿನಿಂದ ನೀರು ಇಳಿಯುತ್ತಿತ್ತು, ಏದುಸಿರು ಬಿಡುತ್ತಿದ್ದರು. ವಾಕರ್ ಜಗುಲಿಯ ಆ ಮೂಲೆಯಲ್ಲಿ ಕುರ್ಚಿಗೆ ಒರಗಿ ನಿಂತಿತ್ತು.

ಮೊದಲು ಕೇಳಿದವಳು ಅಮ್ಮ. "ಅಕ್ಕ, ನೀವು ನಡ್ಕಂಡು ಬಂದ್ರಾ?"

ಅತ್ತೆ ತಮ್ಮ ಕಾಲುಗಳನ್ನು ನೋಡಿಕೊಂಡರು, ವಾಕರ್ ನೋಡಿದರು. ಆಮೇಲೆ ಸೆರಗಿಗೆ ಅಂಟಿದ್ದ ಒದ್ದೆ ಹಪ್ಪಳವೊಂದನ್ನು ಬಿಡಿಸಿ, ಹರಿದು ಅರ್ಧ ಬಾಯಿಗೆ ಹಾಕಿಕೊಂಡು, ಇನ್ನರ್ಧ ಅಮ್ಮನಿಗೆ ಕೊಟ್ಟರು. "ನೋಡಿ," ಎಂದರು, "ಮೆಣಸಿಂದೇ ರುಚಿ."